ಕಾಲು ತಾಗಿದರೆ ನಿಲ್ಲುತ್ತಿದ್ದವಳು

ನಮ್ಮ ಕಡೆ ಆಟಗಾರ್ತಿಯರು ಇಪ್ಪತ್ತೆರಡು ಇಪ್ಪತ್ಮೂರಕ್ಕೆಲ್ಲ ನಿವೃತ್ತರಾಗುತ್ತಾರೆ. ಬೀಳ್ಕೊಡುಗೆ, ಶಾಲು, ಹಾರ, ಫಲತಾಂಬೂಲ ಇಂಥದ್ದೇನೂ ಇರುವುದಿಲ್ಲ. ಒಂದು ಲಗ್ನಪತ್ರಿಕೆ ಬರುತ್ತದೆ, ಮುಗಿಯಿತು. ಹೋದ ವಾರ ಹೊನ್ನಾಳಿಯ ನಮ್ಮ ಮನೆಗೆ ಅಂಥದ್ದೊಂದು ಬಂತು. ಮೂಲೆಗಳಿಗೆ ಅರಿಶಿನ, ಮೇಲೆ ಗಣಪತಿ, ಒಳಗೆ ಸವಳಂಗದ ಯಾವುದೋ ಮಂಟಪದ ವಿಳಾಸ. ವಧುವಿನ ಹೆಸರು ಓದಿ, ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದೆ. ಹೆಸರಿನ ಮುಂದೆ ಬಿ.ಎ. ಎಂದಿತ್ತು. ಅವಳು ಕಬಡ್ಡಿ ಆಡುತ್ತಿದ್ದಳೆಂದು ಎಲ್ಲೂ ಇರಲಿಲ್ಲ. ಇರುವುದಾದರೂ ಹೇಗೆ? ಅದನ್ನೆಲ್ಲ ಲಗ್ನಪತ್ರಿಕೆಯಲ್ಲಿ ಯಾರು ಹಾಕಿಸುತ್ತಾರೆ?

ಅವಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹೊಸ ಮನೆಗೆ ಹೋಗುತ್ತಿರುವ ಹೆಣ್ಣುಮಗಳು. ಅವಳದೊಂದು ಹಳೆಯ ವಿಡಿಯೋ ಇವತ್ತಿಗೂ ಯಾರ ಯಾರದೋ ಫೋನುಗಳಲ್ಲಿ ಸುತ್ತುತ್ತಲೇ ಇದೆ. ಹೆಸರು ಸಿಕ್ಕರೆ ಸಾಕು, ಕೆಲಸವಿಲ್ಲದವರು ಅದನ್ನು ಮತ್ತೆ ಹುಡುಕಿ ತೆಗೆದು ಹಂಚುತ್ತಾರೆ. ಆ ಪುಣ್ಯ ನನಗೆ ಬೇಡ.

ನಾನು ಇತಿಹಾಸದ ಮೇಷ್ಟ್ರು. ಜಗಳೂರಿನಲ್ಲಿ ಕೆಲಸಕ್ಕೆ ಸೇರಿ, ಚನ್ನಗಿರಿಯಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡು, ನ್ಯಾಮತಿಗೆ ಬರುವ ಹೊತ್ತಿಗೆ ಮಂಡಿನೋವು, ಸಕ್ಕರೆ ಕಾಯಿಲೆ ಎರಡನ್ನೂ ಸಂಪಾದಿಸಿದ್ದೆ. ಅಲ್ಲಿ ನಾನಿದ್ದ ಕಾಲೇಜಿನಲ್ಲಿ ಆಟ ಆಡಿಸುವವರು ಇರಲಿಲ್ಲ. ನಾನು ಹೋಗಿ ಹಾಜರಿ ಹಾಕಿದ ದಿನವೇ ಪ್ರಾಂಶುಪಾಲರು ನನ್ನನ್ನು ಕೆಳಗಿನಿಂದ ಮೇಲಕ್ಕೆ ನೋಡಿ, ಎತ್ತರ ಇದ್ದೀರಿ, ಕ್ರೀಡಾ ವಿಭಾಗ ನೀವೇ ನೋಡಿಕೊಳ್ಳಿ ಎಂದರು. ಎತ್ತರಕ್ಕೂ ಕ್ರೀಡೆಗೂ ಏನು ಸಂಬಂಧ? ತೆಂಗಿನ ಮರವೂ ಎತ್ತರ ಇರುತ್ತದೆ. ಆದರೆ ವಾದ ಮಾಡುವ ತ್ರಾಣ ನನ್ನಲ್ಲಿ ಆಗಲೇ ಉಳಿದಿರಲಿಲ್ಲ. ಸೀಟಿಯನ್ನು ಕೊರಳಿಗೆ ಹಾಕಿಕೊಂಡೆ. ಊದಲು ಬಾರದೆ ಅದರಿಂದ ಬರೀ ಗಾಳಿ ಹೋಗುತ್ತಿತ್ತು.

ಹುಡುಗಿಯರ ಕಬಡ್ಡಿ ತಂಡಕ್ಕೆ ಏಳು ಜನ ಬೇಕು, ಇದ್ದವರು ಆರು. ಕ್ಲಾಸಿನಿಂದ ಕ್ಲಾಸಿಗೆ ಹೋಗಿ ಭಿಕ್ಷೆ ಕೇಳಿದಂತೆ ಕೇಳಿದೆ. ಮೊದಲ ವರ್ಷದ ಬಿ.ಎ.ಯಲ್ಲಿ ಹಿಂದಿನ ಬೆಂಚಿನಿಂದ ಒಬ್ಬಳು ಎದ್ದು, ನಾ ಬರ್ತೀನ್ರಿ ಸರ್ ಎಂದಳು. ಆಡಿದ್ದೀಯಾ ಎಂದು ಕೇಳಿದರೆ, ಹೈಸ್ಕೂಲಿನಾಗೆ ನೋಡಿದೀನಿ ಎಂದಳು. ಅಗಲ ಭುಜ, ಗಂಡಸರಿಗಿರುವಂಥ ಮಣಿಕಟ್ಟು, ಮುಖದಲ್ಲಿ ಮಾತ್ರ ಆಗ ತಾನೇ ನಿದ್ದೆಯಿಂದ ಎದ್ದು ಬಂದ ಕಳೆ. ಸವಳಂಗದ ಹತ್ತಿರದ ಹಳ್ಳಿಯವಳು. ಅಪ್ಪ ನ್ಯಾಮತಿಯಲ್ಲೇ ಮೆಕ್ಕೆಜೋಳದ ಅಂಗಡಿಗಳಲ್ಲಿ ಹಮಾಲಿ. ಬೆಳಿಗ್ಗೆ ಇಬ್ಬರೂ ಒಂದೇ ಬಸ್ಸಿಗೆ ಬಂದು, ಸಂಜೆ ಬೇರೆ ಬೇರೆ ಬಸ್ಸಿಗೆ ಹೋಗುತ್ತಿದ್ದರು.

ಅವಳಿಗೆ ಆಟ ಕಲಿಸಿದ್ದು ನಾನಲ್ಲ. ಕಲಿಸಿದವಳು ತಂಡದ ನಾಯಕಿ, ಅವಳಿಗಿಂತ ಒಂದು ವರ್ಷ ಮುಂದಿದ್ದ ಒಬ್ಬ ಜಗಳಗಂಟಿ ಹುಡುಗಿ. ಉಳಿದದ್ದನ್ನು ಫೋನಿನಲ್ಲಿ ಮ್ಯಾಚು ನೋಡಿ ಕಲಿತಳು. ನನ್ನ ಕೆಲಸ ಬೇವಿನ ಮರದ ಕೆಳಗೆ ಕುರ್ಚಿ ಹಾಕಿಕೊಂಡು ಕೂರುವುದು, ಆರಕ್ಕೆ ಹೋಗ್ರಮ್ಮ ಎನ್ನುವುದು. ಹಾಗೆ ಕೂತು ನೋಡುತ್ತಲೇ ಅವಳ ರೀತಿಗಳೆಲ್ಲ ನನಗೆ ಪರಿಚಯವಾದವು. ರೈಡಿಗೆ ಹೋದಾಗ ಬೇರೆಯವರು ಕಬಡ್ಡಿ ಕಬಡ್ಡಿ ಎಂದು ಊರಿಗೆ ಕೇಳುವಂತೆ ಕೂಗಿದರೆ, ಇವಳು ತುಟಿಯೊಳಗೇ ಗೊಣಗುವಳು. ಅಂಪೈರಿಗೆ ಕೇಳಿಸಬೇಕು ಕಣೇ, ನಿಮ್ಮನೆ ದೇವರಿಗಲ್ಲ ಎಂದು ನಾಯಕಿ ಬೈಯುತ್ತಿದ್ದಳು. ಏನೇ ಬೈದರೂ ಅವಳದು ಒಂದೇ ಉತ್ತರ, ಆಗ್ಲಿ ಬಿಡಕ್ಕ. ನನಗಾದರೆ, ಆಗ್ಲಿ ಬಿಡ್ರಿ ಸರ್. ನನ್ನ ಕ್ಲಾಸಿನಲ್ಲಿ ಅವಳು ಮುಂದಿನ ಬೆಂಚಿಗೆ ಬಂದು ಕೂತು ನಿದ್ದೆ ಮಾಡುತ್ತಿದ್ದಳು. ಹಿಂದೆ ಕೂತು ಮಾಡಬಾರದೇನಮ್ಮ ಎಂದಿದ್ದಕ್ಕೆ, ಹಿಂದೆ ಮಾತಾಡ್ತಾರ್ರೀ ಸರ್, ನಿದ್ದೆ ಹತ್ತಲ್ಲ ಎಂದಳು.

ಇನ್ನೊಂದು ಅಭ್ಯಾಸವಿತ್ತು. ಕಾಲು ಯಾರಿಗಾದರೂ ತಾಗಿದರೆ ತಕ್ಷಣ ಅವರನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು. ಅದು ನಮ್ಮೆಲ್ಲರಿಗೂ ಇರುವುದೇ. ಬಸ್ಸಿನಲ್ಲಿ ಪಕ್ಕದವರಿಗೆ ಕಾಲು ತಾಗಿದರೆ ನಾನೂ ಕೈ ಮುಂದೆ ಚಾಚುತ್ತೇನೆ, ಅವರು ಇರಲಿ ಬಿಡಿ ಎನ್ನುತ್ತಾರೆ. ಇವಳಿಗೆ ಅದು ಮಿತಿ ಮೀರಿತ್ತು. ಅಜ್ಜಿ ಬೆಳೆಸಿದ ಹುಡುಗಿ. ಕಾಲು ತಾಗಿದ ಮೇಲೆ ನಮಸ್ಕಾರ ಮಾಡದೆ ಬಂದರೆ ಅಜ್ಜಿ ತಟ್ಟೆಯನ್ನೇ ಇಡುತ್ತಿರಲಿಲ್ಲವಂತೆ. ಮನುಷ್ಯರೇ ಆಗಬೇಕೆಂದಿಲ್ಲ, ಪುಸ್ತಕದ ಚೀಲ, ಪೊರಕೆ, ಕಾಳಿನ ಮೂಟೆ, ಕೊನೆಗೆ ನನ್ನ ಕುರ್ಚಿಯ ಕಾಲಿಗೂ ಒಮ್ಮೆ ನಮಸ್ಕಾರ ಬಿದ್ದಿತ್ತು. ಕಬಡ್ಡಿಯಲ್ಲಿ ಇದೆಲ್ಲ ಹೇಗೆ ನಡೆಯುತ್ತದೆ ಎಂದು ಯಾರೂ ಯೋಚಿಸಲಿಲ್ಲ. ಅವಳ ತೋಳು ಉದ್ದ, ಕೈಯಲ್ಲೇ ಮುಟ್ಟಿ ಬರುತ್ತಿದ್ದಳು, ಕಾಲಿನ ತನಕ ಹೋಗುವ ಪ್ರಸಂಗವೇ ಬರುತ್ತಿರಲಿಲ್ಲ.

ಬಂತು. ಅವಳು ಎರಡನೇ ವರ್ಷದಲ್ಲಿದ್ದಾಗ ಅಂತರ ಕಾಲೇಜು ಪಂದ್ಯಾವಳಿ ನ್ಯಾಮತಿಯಲ್ಲೇ ನಡೆಯಿತು. ಶಾಮಿಯಾನ, ಮೈಕು, ಮಂಡಕ್ಕಿ ಗಾಡಿ ಎಲ್ಲ ಇದ್ದವು. ನಮ್ಮ ಹುಡುಗಿಯರು ಫೈನಲಿಗೆ ಬಂದದ್ದು ಕೇಳಿ ಮೆಣಸಿನಕಾಯಿ ಬಜ್ಜಿಯವನೂ ಒಲೆ ಆರಿಸಿ ಬಂದು ನಿಂತಿದ್ದ. ಎದುರಿಗೆ ಚನ್ನಗಿರಿ ಕಡೆಯ ಒಂದು ಕಾಲೇಜು. ಕೊನೆಯ ನಿಮಿಷದಲ್ಲಿ ಎರಡೂ ಕಡೆ ಪಾಯಿಂಟ್ ಸಮ, ಕೊನೆಯ ರೈಡು ನಮ್ಮದು, ಹೋದವಳು ಇವಳು. ಯಾರಾದರೂ ಒಬ್ಬರನ್ನು ಮುಟ್ಟಿ ನಡುಗೆರೆಗೆ ವಾಪಸು ಬಂದರೆ ಕಪ್ಪು ನಮ್ಮದು. ಸಿಕ್ಕಿಬಿದ್ದರೆ ಅವರದು.

ಆ ಕಡೆ ಮೂಲೆಯಲ್ಲಿ ಎರಡು ಜಡೆಯ ಒಬ್ಬ ಸಣಕಲು ಹುಡುಗಿ ಇದ್ದಳು. ಇವಳ ಪಾದ ಹಿಡಿಯಲು ಬಗ್ಗಿದಳು. ಇವಳು ಕಾಲು ಬೀಸಿದಳು, ಹೆಬ್ಬೆರಳು ಹೋಗಿ ಆ ಹುಡುಗಿಯ ಹಣೆಗೆ ತಾಗಿತು. ಎಲ್ಲರಿಗೂ ಕಂಡಿತು. ನಮ್ಮವರು ಕುಣಿಯಲು ಎದ್ದೇ ಬಿಟ್ಟಿದ್ದರು. ತಿರುಗಿ ಒಂದು ನೆಗೆತ ನೆಗೆದಿದ್ದರೆ ನಡುಗೆರೆ ಸಿಗುತ್ತಿತ್ತು. ಇವಳು ನಿಂತಳು. ಬಾಯಲ್ಲಿ ಕಬಡ್ಡಿ ಕಬಡ್ಡಿ ನಡೆದೇ ಇತ್ತು. ಬಗ್ಗಿ, ಆ ಹುಡುಗಿಯ ಹಣೆ ಮುಟ್ಟಿ, ಬೆರಳನ್ನು ಎರಡೂ ಕಣ್ಣಿಗೆ ಒತ್ತಿಕೊಂಡಳು. ಆ ಹುಡುಗಿ ಅಷ್ಟರಲ್ಲಿ ಇವಳ ಪಾದ ಹಿಡಿದಿದ್ದಳು. ಉಳಿದವರೆಲ್ಲ ಮೇಲೆ ಬಿದ್ದರು.

ಒಂದು ಗಳಿಗೆ ಯಾರಿಗೂ ಏನಾಯಿತೆಂದು ತಿಳಿಯಲಿಲ್ಲ. ತಿಳಿದ ಮೇಲೆ ನಕ್ಕರು ನೋಡಿ. ಅಂಥ ನಗು ನಾನು ಕೇಳಿಲ್ಲ. ಶಾಮಿಯಾನದ ಕೆಳಗಿದ್ದವರು, ಕಾಂಪೌಂಡಿನ ಮೇಲೆ ಕೂತವರು, ಎದುರು ತಂಡದವರು, ನಮ್ಮದೇ ಕಾಲೇಜಿನ ಹುಡುಗರು, ಎಲ್ಲರೂ. ಮೈಕಿನವನು, ನಮಸ್ಕಾರ ಮಾಡಿ ಕಪ್ಪು ಕೊಟ್ಟರು ಎಂದು ಹೇಳಿ ಇನ್ನೊಂದು ಸಲ ನಗಿಸಿದ. ಅವನನ್ನು ಅಲ್ಲೇ ಹೊಡೆಯಬೇಕೆನಿಸಿತು, ಆದರೆ ಮಂಡಿ ಬಿಡಬೇಕಲ್ಲ.

ನಾಯಕಿ ನೆಲದ ಮೇಲೆ ಕೂತು ಅಳುತ್ತಿದ್ದಳು. ಎರಡನೇ ಬಹುಮಾನಕ್ಕೆ ವೇದಿಕೆಗೆ ಬನ್ನಿ ಎಂದು ಕರೆದರೆ ಒಬ್ಬರೂ ಏಳಲಿಲ್ಲ. ಮೂರನೇ ಸಲ ಕರೆದಾಗ ಇವಳೇ ಎದ್ದಳು. ಬಟ್ಟೆಯ ಮಣ್ಣು ಕೊಡವಿಕೊಂಡು ಒಬ್ಬಳೇ ನಡೆದುಹೋದಳು. ದಾರಿಯ ಎರಡೂ ಕಡೆ ಹುಡುಗರು ಬಗ್ಗಿ ಬಗ್ಗಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಅವಳು ಬಿರುಸಾಗಿಯೂ ನಡೆಯಲಿಲ್ಲ, ನಿಧಾನಕ್ಕೂ ನಡೆಯಲಿಲ್ಲ. ಹೋಗಿ ಕಪ್ಪು ತೆಗೆದುಕೊಂಡು, ಅತಿಥಿಗಳಿಗೆ ಕೈಮುಗಿದು, ಬಂದು ನನ್ನ ಕೈಗೆ ಕೊಟ್ಟಳು. ನೀನ್ಯಾಕೆ ಹೋದೆಯಮ್ಮ ಎಂದೆ. ಯಾರಾದ್ರೂ ಹೋಗ್ಬೇಕಲ್ರೀ ಸರ್ ಎಂದಳು. ಆಮೇಲೆ ಅಂಕಣದ ಸುತ್ತ ಕಟ್ಟಿದ್ದ ಹಗ್ಗ ಬಿಚ್ಚಿ ಸುತ್ತಿಡಲು ನಿಂತಳು.

ಆ ರಾತ್ರಿಯೇ ವಿಡಿಯೋ ಹೊರಟಿತು. ಬೆಳಗಾಗುವುದರೊಳಗೆ ಯಾರೋ ಅದಕ್ಕೆ ಭಜನೆಯ ಹಾಡು ಸೇರಿಸಿದ್ದರು. ಜಗಳೂರಿನ ನನ್ನ ಹಳೆಯ ಸಹೋದ್ಯೋಗಿಯೊಬ್ಬರು ಅದನ್ನೇ ನನಗೆ ಕಳಿಸಿ, ಇದು ಯಾವ ಕಾಲೇಜೋ ಮಾರಾಯ ಎಂದು ಕೇಳಿದ್ದರು. ಅದನ್ನು ಅಳಿಸಿಹಾಕಿದೆ. ಕಾಲೇಜಿನಲ್ಲಿ ಅವಳಿಗೆ ನಮಸ್ಕಾರ ಮೇಡಂ ಎಂದು ಹೆಸರಾಯಿತು. ಬಸ್ಸಿನಲ್ಲಿ ಹುಡುಗರು ಅವಳು ಬರುವ ದಾರಿಗೆ ಬೇಕೆಂದೇ ಕಾಲು ಚಾಚುತ್ತಿದ್ದರಂತೆ. ಒಬ್ಬನಿಗೆ ಅವಳು ಹೇಳಿದ್ದನ್ನು ಕಂಡಕ್ಟರೇ ನನಗೆ ಹೇಳಿದ, ಕಾಲು ಒಳಗಿಟ್ಕಳಪ್ಪ, ತಿರುವಿನಾಗೆ ಯಾರಾದ್ರೂ ಮೇಲೆ ಬಿದ್ರೆ ಮುರಿದು ಹೋಗ್ತೈತೆ, ಅಂದಳಂತೆ. ಕೋಪವಿಲ್ಲದೆ, ತಮ್ಮನಿಗೆ ಹೇಳಿದ ಹಾಗೆ.

ಅವಳಿಗೆ ತಡೆಯುವ ಶಕ್ತಿ ಇತ್ತು. ಅವಳಪ್ಪನಿಗೆ ಇರಲಿಲ್ಲ. ಒಂದು ಮಧ್ಯಾಹ್ನ ಆತ ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಂತ. ಗಿಡ್ಡ ಆಳು, ಕತ್ತಿನ ಹಿಂದೆ ಮೂಟೆ ಹೊತ್ತು ಹೊತ್ತು ಗಂಟಾಗಿತ್ತು, ಮೈಮೇಲೆಲ್ಲ ಜೋಳದ ದೂಳು. ಕೂರಿ ಎಂದರೆ ಕೂರಲಿಲ್ಲ. ನೆಲ ನೋಡಿಕೊಂಡೇ ಮಾತಾಡಿದ. ಹಮಾಲರ ಮಧ್ಯೆ ಅವನ ಪಾಡು ಹೇಳತೀರದಾಗಿತ್ತು. ಮೂಟೆ ಇಳಿಸಿ ಕೂತರೆ ಸಾಕು, ಯಾರಾದರೂ ಕಾಲು ತಾಗಿಸಿ, ನಮಸ್ಕಾರ ಮಾಡಪ್ಪ, ನಿಮ್ಮ ವಂಶದ ಪದ್ಧತಿ ಅನ್ನುತ್ತಿದ್ದರಂತೆ. ಜೊತೆಗೆ ಉಂಡವರೇ ಹಾಗನ್ನುತ್ತಿದ್ದರು. ಅಂಗಡಿ ಸಾಹುಕಾರನೂ ಫೋನು ತೋರಿಸಿ ನಕ್ಕನಂತೆ.

"ಮಗಳು ಓದಲಿ ಸರ್, ಬ್ಯಾಡ ಅನ್ನಲ್ಲ. ಆಟ ಬ್ಯಾಡ. ನಗೋ ಮಂದಿ ಮುಂದೆ ನನ್ನ ಕೈಲಿ ದಿನಾ ತಲೆ ಎತ್ತಾಕೆ ಆಗಲ್ಲ."

ನಿಜ ಹೇಳುತ್ತೇನೆ, ನಾನೂ ಬೇಸತ್ತು ಹೋಗಿದ್ದೆ. ಅವಳು ಹೋದರೆ ಏಳು ಜನ ಆಗುವುದಿಲ್ಲ, ಏಳು ಜನ ಆಗದಿದ್ದರೆ ತಂಡವಿಲ್ಲ, ತಂಡವಿಲ್ಲದಿದ್ದರೆ ನಾನು ನಾಲ್ಕೂವರೆಗೇ ಮನೆಗೆ ಹೋಗಿ ಚಹ ಕುಡಿಯಬಹುದು. ಆಗಲಿ ಯಜಮಾನರೇ, ನಿಮ್ಮ ಇಷ್ಟ ಎಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವಳೇ ಬಂದಳು. ಅಪ್ಪ ಬಂದಿದ್ದಾನೆಂದು ಯಾರೋ ಹೇಳಿದ್ದರು. ನನ್ನ ಮುಂದೆಯೇ, ದನಿ ಏರಿಸದೆ, ಅವನಿಗೆ ಹೇಳಿದಳು.

"ನಕ್ಕಿದ್ದು ನನ್ನ ನೋಡಿ ಅಪ್ಪಾ. ನೀ ಯಾಕೆ ತಲೆ ಬಗ್ಗಿಸ್ತೀಯ? ಇನ್ನೊಂದು ವರ್ಷ ಬಿಡು. ಬರೋ ವರ್ಷನೂ ಮಂದಿ ನಕ್ರೆ ಆಟದ ಬಟ್ಟೆ ಗಂಟುಕಟ್ಟಿ ಅಟ್ಟಕ್ಕೆ ಎಸೀತೀನಿ. ನೀ ಹೇಳದೇ ಬ್ಯಾಡ, ನಾನೇ ಎಸೀತೀನಿ."

ಆತ ಮೈಮೇಲಿನ ದೂಳು ಕೊಡವಿಕೊಂಡ. ಒಂದು ವರ್ಷ ಅಷ್ಟೆ ಎಂದ. ಆಮೇಲೆ ನನ್ನ ಕಡೆ ತಿರುಗಿ, ನಾನೂ ಬಂದು ನೋಡ್ತೀನಿ ಸರ್, ನಕ್ರೆ ಅಲ್ಲಿಂದಲೇ ಕರ್ಕಂಡು ಹೋಗ್ತೀನಿ ಎಂದು ಹೇಳಿ ಹೊರಟ. ನನ್ನ ಚಹ ಹೋಯಿತು.

ಮರುದಿನದಿಂದ ಮೈದಾನದಲ್ಲಿ ಒಂದು ವಿಚಿತ್ರ ಅಭ್ಯಾಸ ಶುರುವಾಯಿತು. ಒಬ್ಬೊಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಕಾಲಿನಿಂದ ಮುಟ್ಟುವುದು, ಮುಟ್ಟಿ ನಿಲ್ಲದೆ ಓಡಿ ಬರುವುದು. ಕೇಳಲು ಸುಲಭ. ಅವಳ ಕಾಲು ತಾಗುತ್ತಿದ್ದ ಹಾಗೆ ಕೈ ತಾನಾಗಿಯೇ ಕೆಳಗೆ ಹೋಗುತ್ತಿತ್ತು. ನಾಯಕಿ ಆ ವರ್ಷ ಕಾಲೇಜು ಮುಗಿಸಿ ಹೋದಳು, ಅವಳ ಜಾಗಕ್ಕೆ ಹೊಸಬಳೊಬ್ಬಳು ಬಂದಳು, ಈಗ ಇವಳೇ ನಾಯಕಿ, ಬೈಯುವವರೂ ಇರಲಿಲ್ಲ. ತನ್ನ ಕೈಗೆ ತಾನೇ ಬೈದುಕೊಳ್ಳುತ್ತಿದ್ದಳು. ಎರಡೂ ಕೈಯನ್ನು ವೇಲಿನಿಂದ ಹಿಂದಕ್ಕೆ ಕಟ್ಟಿಸಿಕೊಂಡು ಕೆಲವು ದಿನ ಓಡಿದಳು. ಬಿದ್ದು ಗದ್ದ ಒಡೆದುಕೊಂಡಳು. ನೋಡಲಾಗದೆ ನಾನು, ಬಿಡಮ್ಮ, ಕೈಯಲ್ಲೇ ಮುಟ್ಟು, ಕಾಲಿನ ಗೊಡವೆಯೇ ಬೇಡ ಎಂದೆ. ಕಾಲು ಹಿಡಿಯಾಕೆ ಬರೋರಿಗೆ ಕಾಲೇ ಕೊಡಬೇಕ್ರೀ ಸರ್ ಎಂದಳು.

ಕೊನೆಗೆ ಅವಳೇ ಒಂದು ದಾರಿ ಕಂಡುಕೊಂಡಳು. ಆಟದ ನಡುವೆ ನಮಸ್ಕಾರ ಇಲ್ಲ, ಎಲ್ಲ ಮುಗಿದ ಮೇಲೆ ಒಟ್ಟಿಗೆ. ಸಂಜೆ ಬಸ್ಸಿಗೆ ಹೊರಡುವ ಮುಂಚೆ ಆರೂ ಜನರ ಹತ್ತಿರ ಹೋಗಿ ಹೆಗಲು ಮುಟ್ಟಿ ಮುಟ್ಟಿ ಕಣ್ಣಿಗೊತ್ತಿಕೊಳ್ಳುವಳು. ಆ ಹುಡುಗಿಯರು ಬಿಡುವವರೇ? ಮುದುಕಿಯರ ಹಾಗೆ ನಡು ಬಗ್ಗಿಸಿ ನಿಂತು, ದೀರ್ಘಸುಮಂಗಲಿಯಾಗು ತಾಯಿ, ಮನೆ ತುಂಬ ಮಕ್ಕಳಾಗಲಿ, ಅದರಾಗೆ ಏಳು ಹೆಣ್ಣಿರಲಿ, ಒಂದು ಟೀಮಾಗ್ತೈತೆ ಎಂದು ಹರಸುವರು. ಅವಳೂ ನಗುವಳು. ನಾನು ಕುರ್ಚಿಯಲ್ಲಿ ಕೂತು ಆಕಳಿಸುತ್ತಿದ್ದವನು ಆ ಹೊತ್ತಿಗೆ ಮಾತ್ರ ಎಚ್ಚರವಾಗಿರುತ್ತಿದ್ದೆ.

ಮುಂದಿನ ವರ್ಷ ಪಂದ್ಯಾವಳಿ ಜಗಳೂರಿನಲ್ಲಿ. ಬಾಡಿಗೆಯ ಒಂದು ಕ್ರೂಸರ್ ಗಾಡಿಯಲ್ಲಿ ಬೆಳಕು ಹರಿಯುವ ಮುಂಚೆಯೇ ಹೊರಟೆವು. ಅವಳಪ್ಪ ಹೇಳಿದಂತೆಯೇ ಬಂದಿದ್ದ. ಒಗೆದ ಬಿಳಿ ಅಂಗಿ ಹಾಕಿಕೊಂಡು ಡ್ರೈವರನ ಪಕ್ಕ ಕೂತವನು ಜಗಳೂರು ಬರುವ ತನಕ ಅಂಗಿಯ ಮಡಿಕೆ ಸರಿಮಾಡಿಕೊಳ್ಳುತ್ತಲೇ ಇದ್ದ. ಹಿಂದೆ ಹುಡುಗಿಯರು ಹಾಡು ಹೇಳುತ್ತಿದ್ದರು. ಅವಳು ನಿದ್ದೆ ಮಾಡುತ್ತಿದ್ದಳು.

ಜಗಳೂರಿನವರಿಗೂ ಅವಳ ಗುರುತು ಸಿಕ್ಕಿತು. ಮೊದಲ ಪಂದ್ಯದಲ್ಲಿ ಅವಳು ರೈಡಿಗೆ ಹೊರಟ ಕೂಡಲೇ ಹಿಂದಿನಿಂದ ಒಬ್ಬ, ಮೇಡಂ ನಮಸ್ಕಾರ ಎಂದ. ಒಂದಷ್ಟು ಜನ ನಕ್ಕರು. ಅವಳಪ್ಪ ಎದ್ದು ನಿಂತ. ಅಷ್ಟರಲ್ಲಿ ಅವಳು ಒಬ್ಬಳನ್ನು ಕಾಲಿನಿಂದಲೇ ಮುಟ್ಟಿ ವಾಪಸು ಬಂದಿದ್ದಳು. ಬಂದವಳು ಸುಮ್ಮನೆ ತನ್ನ ಜಾಗದಲ್ಲಿ ನಿಂತಳು. ಕೂಗಿದವನಿಗೆ ಮುಂದೆ ಏನು ಕೂಗಬೇಕೋ ಹೊಳೆಯಲಿಲ್ಲ. ಅಪ್ಪ ಕೂತ, ಆದರೆ ಪೂರ್ತಿ ಕೂರಲಿಲ್ಲ. ಆ ಇಡೀ ದಿನ ಆತ ಕುರ್ಚಿಯ ಅಂಚಿನಲ್ಲೇ ಇದ್ದ.

ಫೈನಲಿಗೆ ಮತ್ತೆ ಅದೇ ಚನ್ನಗಿರಿ ಕಡೆಯ ತಂಡ. ಅದೇ ಎರಡು ಜಡೆಯ ಹುಡುಗಿ, ಈಗ ಅವಳೂ ನಾಯಕಿ. ಕೊನೆಯ ರೈಡಿನ ಹೊತ್ತಿಗೆ ನಾವು ಒಂದು ಪಾಯಿಂಟ್ ಹಿಂದೆ ಇದ್ದೆವು. ಇವಳು ಹೋದಳು. ದೂಳೆದ್ದಿತ್ತು, ಸಂಜೆಯ ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ಒಬ್ಬಳನ್ನು ಕೈಯಲ್ಲಿ ಮುಟ್ಟಿದ್ದು ಕಂಡಿತು. ಎರಡು ಜಡೆಯವಳು ಕೆಳಗೆ ಉರುಳಿ ಕಾಲಿಗೆ ಬಂದಳು, ಇವಳು ಅವಳ ಮೇಲಿಂದ ಹಾರಿ ನಡುಗೆರೆಗೆ ಬಿದ್ದಳು. ಸೀಟಿಯಾಯಿತು. ಅಂಪೈರು ಒಂದು ಪಾಯಿಂಟ್ ಕೊಟ್ಟರು. ಸಮ. ಇನ್ನು ಹೆಚ್ಚಿನ ಆಟ ಆಡಿಸುತ್ತಾರೆಂದು ಎಲ್ಲರೂ ನೀರು ಕುಡಿಯಲು ಹೊರಟರು. ಇವಳು ಮಾತ್ರ ನಿಂತಲ್ಲೇ ನಿಂತು ಆ ಹುಡುಗಿಯನ್ನು ನೋಡುತ್ತಿದ್ದಳು.

ಆ ಹುಡುಗಿ ಎದ್ದಳು. ಬಾಯಿಗೆ ಕೈ ಅಡ್ಡ ಹಿಡಿದಿದ್ದಳು. ಅಂಪೈರಿನ ಹತ್ತಿರ ಹೋಗಿ ಒಂದು ಕೈ ಮೇಲೆತ್ತಿದಳು.

"ನನಗೂ ತಾಗೈತ್ರೀ ಸರ್. ಕಾಲು ತಾಗೈತೆ."

ತುಟಿ ಒಡೆದಿತ್ತು. ಅಂಪೈರು ಇನ್ನೊಬ್ಬರನ್ನು ಕರೆದು ಮಾತಾಡಿ, ಇನ್ನೊಂದು ಪಾಯಿಂಟ್ ಕೊಟ್ಟರು. ನಾವು ಗೆದ್ದೆವು. ಯಾರೂ ನಗಲಿಲ್ಲ. ಮೊದಲು ಯಾರೋ ಒಬ್ಬರು ಚಪ್ಪಾಳೆ ತಟ್ಟಿದರು, ಆಮೇಲೆ ಎಲ್ಲರೂ ತಟ್ಟಿದರು. ಅದು ನಮಗಲ್ಲ, ಆ ಹುಡುಗಿಗೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದರೂ ನನ್ನ ಕಣ್ಣು ತುಂಬಿ ಬಂತು. ಅಷ್ಟು ವರ್ಷ ಪಾಠ ಮಾಡಿ ಸುಸ್ತಾದ ಮನುಷ್ಯನಿಗೆ ಒಂದು ಸಂಜೆ ಹೀಗೂ ಸಿಗುತ್ತದೆ.

ಅವರ ಮೇಷ್ಟ್ರಿಗೆ ಮಾತ್ರ ತಡೆಯಲಾಗಲಿಲ್ಲ. ಆ ಹುಡುಗಿಯನ್ನು ಮೈದಾನದ ಮೂಲೆಗೆ ಕರೆದುಕೊಂಡು ಹೋಗಿ ಬೈಯತೊಡಗಿದರು. ಅಂಪೈರಿಗೇ ಕಾಣದ್ದು ನಿನಗೇನು ಕಾಣ್ತು, ಸತ್ಯಹರಿಶ್ಚಂದ್ರನ ಮೊಮ್ಮಗಳೇ ಎಂದು ಅವರು ಕೂಗುತ್ತಿದ್ದುದು ನಮ್ಮ ತನಕ ಕೇಳುತ್ತಿತ್ತು. ಅವರ ತಂಡದವರು ದೂರ ಸರಿದು ಚೀಲ ಕಟ್ಟುತ್ತಿದ್ದರು. ಹುಡುಗಿ ತುಟಿಗೆ ಕರವಸ್ತ್ರ ಒತ್ತಿಕೊಂಡು ತಲೆ ತಗ್ಗಿಸಿ ನಿಂತಿತ್ತು.

ನಮ್ಮ ಕಡೆ ಫೋಟೋಗ್ರಾಫರ್ ಅವಸರ ಮಾಡುತ್ತಿದ್ದ. ಬೆಳಕು ಹೋಗ್ತದೆ, ಬೇಗ ನಿಲ್ಲಿ ಎನ್ನುತ್ತಿದ್ದ. ಆರು ಜನ ಸಾಲಾಗಿ ನಿಂತರು, ಕಪ್ಪು ಹಿಡಿಯಬೇಕಾದ ನಾಯಕಿಯೇ ಇಲ್ಲ. ಕೂಗಿದೆವು. ಅವಳು ಆ ಮೂಲೆಯಲ್ಲಿದ್ದಳು. ಬೈಸಿಕೊಳ್ಳುತ್ತಿದ್ದ ಹುಡುಗಿಯ ಪಕ್ಕದಲ್ಲಿ, ಹೆಗಲಿಗೆ ಹೆಗಲು ತಾಗುವಂತೆ ನಿಂತಿದ್ದಳು. ಆ ಮೇಷ್ಟ್ರು ಇವಳನ್ನು ಹೋಗು ಎಂದರು, ಇವಳು ಹೋಗಲಿಲ್ಲ. ಬೇರೆ ಕಾಲೇಜಿನ ಹುಡುಗಿಗೆ ಎಷ್ಟೆಂದು ಬೈಯುತ್ತಾರೆ? ಆದರೂ ಬೈಯುತ್ತಲೇ ಇದ್ದರು, ಇಬ್ಬರೂ ಕೇಳಿಸಿಕೊಳ್ಳುತ್ತಲೇ ಇದ್ದರು.

ಬೆಳಕು ಹೋಗುತ್ತಿತ್ತು. ಹುಡುಗಿಯರಲ್ಲಿ ಒಬ್ಬಳು ಓಡಿಹೋಗಿ ಅವಳಪ್ಪನ ಕೈ ಹಿಡಿದು ಎಳೆದುಕೊಂಡು ಬಂದಳು. ಆತ ಬ್ಯಾಡ ಬ್ಯಾಡ ಎನ್ನುತ್ತಲೇ ಬಂದ. ನಡುವೆ ನಿಲ್ಲಿಸಿ ಕೈಗೆ ಕಪ್ಪು ಕೊಟ್ಟರು. ಮೂಟೆ ಹಿಡಿದ ಹಾಗೆ ಅದನ್ನು ತಬ್ಬಿ ಹಿಡಿದುಕೊಂಡ. ಇನ್ನೊಬ್ಬಳು ಅವನ ಕಿವಿಯಲ್ಲಿ ಏನೋ ಹೇಳಿದಳು. ಫೋಟೋ ತೆಗೆದರು.

ಗಾಡಿಯಲ್ಲಿ ವಾಪಸು ಬರುವಾಗ ನಾನು ಅವಳನ್ನು ಕೇಳಿದೆ. ಕಾಲು ತಾಗಿದ್ದು ನಿನಗೂ ಗೊತ್ತಿತ್ತಲ್ಲ, ಅಂಪೈರಿಗೆ ಯಾಕೆ ಹೇಳಲಿಲ್ಲ ಎಂದೆ. ಅದರ ತುಟಿಯಾಗೆ ರಕ್ತ ಬರ್ತಿತ್ರೀ ಸರ್, ಅದನ್ನ ತೋರ್ಸಿ ಪಾಯಿಂಟ್ ಹೆಂಗೆ ಕೇಳೋದು ಎಂದಳು. ಆ ಮೇಷ್ಟ್ರ ಹತ್ತಿರ ಹೋಗಿ ಏನು ಮಾಡುತ್ತಿದ್ದೆ ಎಂದೆ.

"ಏನಿಲ್ರೀ ಸರ್. ಒಬ್ಬಳೇ ಬೈಸ್ಕಳ್ತಿದ್ಲು."

ಸ್ವಲ್ಪ ದೂರ ಬಂದ ಮೇಲೆ ನನಗೆ ನೆನಪಾಗಿ, ಅವಳ ತುಟಿಗೆ ಕಾಲು ತಾಗಿದ್ದಕ್ಕೆ ಮುಟ್ಟಿ ನಮಸ್ಕಾರ ಮಾಡಿದೆಯೋ ಇಲ್ಲವೋ ಎಂದು ಕೇಳಿದೆ. ಅವಳು ನನ್ನನ್ನೇ ನೋಡಿ, ಅಯ್ಯೋ, ಮರ್ತೇ ಬಿಟ್ಟೆ ಎಂದಳು. ನಿಜವಾಗಿಯೂ ಪೇಚಾಡಿಕೊಂಡಳು. ಹೊನ್ನಾಳಿ ದಾಟುವ ತನಕ ನಿದ್ದೆ ಮಾಡಲಿಲ್ಲ.

ಅಲ್ಲಿಂದ ಮುಂದೆ ಹೇಳುವಂಥದ್ದೇನೂ ಆಗಲಿಲ್ಲ. ವಿಶ್ವವಿದ್ಯಾಲಯದ ಮಟ್ಟಕ್ಕೆ ಹೋದೆವು, ಮೊದಲ ಪಂದ್ಯದಲ್ಲೇ ಯಾರೋ ನಮ್ಮನ್ನು ಚಿಂದಿ ಮಾಡಿ ಕಳಿಸಿದರು. ಅವರಿಗೆ ಮ್ಯಾಟು, ಕೋಚು, ಮೊಳಕೆ ಕಾಳು ಎಲ್ಲ ಇತ್ತು. ನಮಗೆ ನಾನಿದ್ದೆ. ಜಗಳೂರಿನ ವಿಡಿಯೋವನ್ನು ಯಾರೂ ಹಂಚಲಿಲ್ಲ, ಅದಕ್ಕೆ ಯಾರೂ ಹಾಡು ಸೇರಿಸಲಿಲ್ಲ. ಇಂಥದ್ದನ್ನು ನೋಡಿ ನೋಡಿಯೇ ನನಗೆ ಸುಸ್ತು. ಬಿದ್ದದ್ದು ಮಾತ್ರ ಊರಿಗೆಲ್ಲ ಕಾಣುತ್ತದೆ. ಎದ್ದು ನಿಂತದ್ದನ್ನು ಅಲ್ಲಿದ್ದವರು ನಾಲ್ಕು ದಿನ ನೆನೆಸಿಕೊಂಡು ಮರೆಯುತ್ತಾರೆ. ಹಮಾಲರು ಅವಳಪ್ಪನನ್ನು ಛೇಡಿಸುವುದು ಬಿಟ್ಟರೋ ಇಲ್ಲವೋ ನನಗೆ ತಿಳಿಯದು. ಆತ ಮತ್ತೆ ಸ್ಟಾಫ್ ರೂಮಿಗೆ ಬರಲಿಲ್ಲ ಎಂಬುದಷ್ಟೇ ಗೊತ್ತು.

ಆ ಫೋಟೋಕ್ಕೆ ಕಟ್ಟು ಹಾಕಿಸಿ ಪ್ರಾಂಶುಪಾಲರ ಕೋಣೆಯಲ್ಲಿ ತೂಗುಹಾಕಿದರು. ನಮ್ಮ ಕಾಲೇಜು ಹುಡುಗಿಯರ ಕಬಡ್ಡಿಯಲ್ಲಿ ಗೆದ್ದ ಮೊದಲ ಬಹುಮಾನ ಅದೊಂದೇ. ಅದರಲ್ಲಿ ಆರು ಹುಡುಗಿಯರಿದ್ದಾರೆ, ಒಂದು ಕೊನೆಗೆ ಹೊಟ್ಟೆ ಒಳಗೆಳೆದುಕೊಂಡ ನಾನಿದ್ದೇನೆ, ನಡುವೆ ಕಪ್ಪು ತಬ್ಬಿಕೊಂಡು ಒಬ್ಬ ಹಮಾಲಿ ಇದ್ದಾನೆ. ಗೆಲ್ಲಿಸಿದವಳು ಇಲ್ಲ. ತಪಾಸಣೆಗೆ ಬಂದ ಅಧಿಕಾರಿಗಳೊಬ್ಬರು ಅದನ್ನು ನೋಡಿ, ನಡುವಿನವನನ್ನು ತೋರಿಸಿ, ಇವರು ಕೋಚಾ ಎಂದು ಕೇಳಿದ್ದರು. ಹೌದು ಎಂದುಬಿಟ್ಟೆ.

ಕೊನೆಯ ಪರೀಕ್ಷೆ ಮುಗಿದ ದಿನ ಅವಳು ನನ್ನ ಹತ್ತಿರ ಬಂದಳು. ಕ್ರೀಡಾ ಪ್ರಮಾಣಪತ್ರಕ್ಕೆ ಸಹಿ ಬೇಕಾಗಿದೆಯೇನೋ ಎಂದು ಪೆನ್ನು ತೆಗೆದೆ. ಅದಲ್ರೀ ಸರ್ ಎಂದಳು. ಪ್ರಾಂಶುಪಾಲರ ಕೋಣೆಯ ಆ ಫೋಟೋದ ಒಂದು ಪ್ರಿಂಟ್ ಬೇಕಿತ್ತು ಎಂದಳು. ನನಗೆ ಕಸಿವಿಸಿಯಾಯಿತು. ಅವತ್ತು ಅವಳಿಗಾಗಿ ಒಂದು ನಿಮಿಷ ಕಾಯಬಹುದಾಗಿತ್ತು ಎಂದು ಎಷ್ಟೋ ಸಲ ಅನ್ನಿಸಿತ್ತು. ಅದರಲ್ಲಿ ನೀನೇ ಇಲ್ಲವಲ್ಲಮ್ಮ, ಏನು ಮಾಡುತ್ತೀಯ ಎಂದೆ.

"ನಮ್ಮಪ್ಪ ಐತಲ್ರೀ ಸರ್. ಅಪ್ಪ ನಗ್ತಿರೋ ಫೋಟೋ ನಮ್ಮನೆಯಾಗೆ ಇನ್ನೊಂದಿಲ್ಲ."

ನಾವಿಬ್ಬರೂ ಪ್ರಾಂಶುಪಾಲರ ಕೋಣೆಗೆ ಹೋದೆವು. ಅಷ್ಟು ದಿನ ಅದರ ಎದುರಿಗೆ ಕೂತು ಮೀಟಿಂಗ್ ಮಾಡಿದವನು ನಾನು, ಸರಿಯಾಗಿ ನೋಡಿದ್ದು ಅವತ್ತು. ಬಾಯಿ ತುಂಬ ನಗುತ್ತಿದ್ದ ಮನುಷ್ಯ. ನಕ್ಕು ನಕ್ಕು ಕಣ್ಣು ಮುಚ್ಚಿಹೋಗಿದ್ದವು. ಅವಳು ಹತ್ತಿರ ಹೋಗಿ, ಗಾಜಿನ ಮೇಲಿನ ದೂಳನ್ನು ವೇಲಿನ ತುದಿಯಿಂದ ಒರೆಸಿ, ನೋಡ್ರಿ ಸರ್, ಹಲ್ಲು ಹೆಂಗೆ ಕಾಣ್ತಾವೆ ಎಂದಳು.